ನಡುವೆ ಸೀಳಿದ ಕೌದಿ

ಕೌದಿ ಹೊಲಿಯುವುದು ಹೆಂಗಸರು ಬಿಡುವಿನಲ್ಲಿ ಮಾಡುವ ಕೆಲಸ ಎಂದು ಯಾರಾದರೂ ಅಂದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ನಾನು ಜಗಳಗಂಟಿಯಲ್ಲ. ಹಾಲು ಉಕ್ಕಿದರೆ ಒಲೆ ಒರೆಸಿಕೊಂಡು ಸುಮ್ಮನಾಗುವವಳು. ಆದರೆ ಈ ಒಂದು ಮಾತಿಗೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ನಮ್ಮವ್ವನಿಗೆ ಬಿಡುವು ಇದ್ದ ದಿನ ಯಾವುದು ಎಂದು ನೆನಪು ಮಾಡಿಕೊಳ್ಳಲು ಎಷ್ಟೋ ಸಲ ಕೂತಿದ್ದೇನೆ. ಒಂದೂ ಸಿಕ್ಕಿಲ್ಲ.

ನಾನು ಹೇಳಹೊರಟಿರುವ ಕೌದಿ ಎಪ್ಪತ್ತರ ದಶಕದ್ದು. ಆಗ ನಾವು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿದ್ದೆವು. ನನಗೆ ಹದಿನಾರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ ಮನೆಯಲ್ಲಿ ಕೂತಿದ್ದೆ. ಹಿಂದಿನ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿ ಹೊಳಲ್ಕೆರೆಗೆ ಕೊಟ್ಟಿದ್ದರು. ಗೌರಿ ಹಬ್ಬಕ್ಕೆ ಬಂದವಳು ಅವ್ವನ ಕಿವಿಯಲ್ಲಿ ಏನೋ ಹೇಳಿದಳು. ಅವತ್ತೇ ಅವ್ವ ಅಟ್ಟ ಹತ್ತಿ ಹಳೇ ಸೀರೆಗಳ ಗಂಟು ಇಳಿಸಿದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತಿ ಮತ್ತು ಕೂಸು ತವರಿನ ಕೌದಿಯ ಮೇಲೇ ಮಲಗಬೇಕು ಎಂಬುದು ನಮ್ಮಲ್ಲಿ ಹೇಳಬೇಕಾದ ವಿಷಯವೇ ಅಲ್ಲ. ಕೌದಿಯಿಲ್ಲದೆ ಬಾಣಂತನ ಮಾಡಿದ ಮನೆಯನ್ನು ನಾನು ಕಂಡಿಲ್ಲ.

ಹೊಸದುರ್ಗದ ಬಸ್ ನಿಲ್ದಾಣದ ಹಿಂದೆ ಒಬ್ಬ ದರ್ಜಿಯ ಅಂಗಡಿ ಇತ್ತು. ಅವ್ವ ಸಂತೆಗೆ ಹೋದಾಗಲೆಲ್ಲ ಅವನಿಗೆ ಒಂದು ಕಟ್ಟು ನುಗ್ಗೆಕಾಯಿ ಕೊಟ್ಟು, ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನು ಗೋಣಿಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ಸುರಿದು ನಾವಿಬ್ಬರೂ ಆರಿಸಬೇಕು. ಆಗ ತಾನೇ ಟೆರಿಲಿನ್ ಷರಟಿನ ಹುಚ್ಚು ಶುರುವಾಗಿತ್ತು. ಚೀಲದಲ್ಲಿ ಅರ್ಧ ಅದೇ. ನುಣ್ಣಗೆ ಹೊಳೆಯುವ ಆ ಚೂರುಗಳ ಮೇಲೆ ನನಗೆ ಆಸೆ. ಅವ್ವ ಒಂದನ್ನೂ ಕೌದಿಗೆ ಸೇರಲು ಬಿಡುತ್ತಿರಲಿಲ್ಲ.

"ಬಾಣಂತಿ ಮೈ ಬೆವರ್ತೈತೆ ಕಣೇ. ಇದು ಹೀರಲ್ಲ. ಇದನ್ನ ಹಾಕಿ ಹೊಲಿದ್ರೆ ಬೆನ್ನಿಗೆ ತಗಡು ಹಾಸಿದಂಗೆ."

ಕೆಂಪು, ನೀಲಿ ಚೂರುಗಳನ್ನು ಕುದಿಯುವ ನೀರಿಗೆ ಹಾಕಿ ಬಣ್ಣ ಬಿಡುತ್ತದೆಯೇ ನೋಡುವುದು. ಬಿಟ್ಟರೆ ಅದೂ ಆಚೆಗೆ, ಕೂಸಿನ ಮೈಗೆ ಹತ್ತುತ್ತದೆ ಎಂದು. ಹೀಗೆ ಆರಿಸಿ ಆರಿಸಿ ಒಂದು ಚೀಲದಲ್ಲಿ ಉಳಿಯುತ್ತಿದ್ದದ್ದು ಒಂದು ಮೊರದಷ್ಟು. ಕೌದಿಯ ಅಡಿಗೆ ಅಪ್ಪನ ಎರಡು ಹಳೇ ಪಂಚೆ ಜೋಡಿಸಿದ್ದು, ಅದರ ಮೇಲೆ ಪದರಪದರವಾಗಿ ಅವ್ವನ ನಾಲ್ಕು ಸೀರೆ, ಎಲ್ಲಕ್ಕೂ ಮೇಲೆ ಈ ಚೂರುಗಳು. ಅವುಗಳ ನಡುವೆ ಅಕ್ಕನ ಬಟ್ಟೆಗಳೂ ಇದ್ದವು. ಅವಳು ಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಹಸಿರು ಲಂಗ, ದೊಡ್ಡವಳಾದಾಗ ಸೋದರಮಾವ ತಂದ ಚೀಟಿ ಬಟ್ಟೆಯ ದಾವಣಿ, ಬೆಲ್ಲದ ಪಾಕ ಸಿಡಿದು ತೂತಾಗಿದ್ದ ಒಂದು ಕುಪ್ಪಸ. ತೂತಿನ ಸುತ್ತ ಕತ್ತರಿಸಿ ಅದನ್ನೂ ಹೂವಿನ ಆಕಾರಕ್ಕೆ ತಂದಿದ್ದಳು ಅವ್ವ.

ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಹೋಗಬೇಕು. ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟು, ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಒಂದು ಬೆರಳು ಜಾಗ. ಆರು ಪದರ ತೂರಿ ಸೂಜಿ ಬರಬೇಕು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರೂ ಎರಡನೇ ವಾರಕ್ಕೆ ಅವ್ವನ ನಡುಬೆರಳ ತುದಿ ಅಡಿಕೆಚೂರಿನಂತೆ ಗಟ್ಟಿಯಾಗಿತ್ತು. ಬೆಳಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹೊಲದ ಆಳುಗಳಿಗೆ ಬುತ್ತಿ ಕಳಿಸಿ, ಬಟ್ಟೆ ಒಗೆದು ಬಂದ ಮೇಲೆ ಜಗಲಿಯ ಮೇಲೆ ಕೌದಿ ಹರವಿ ನಾಲ್ಕು ಮೂಲೆಗೂ ಕಲ್ಲಿಡುತ್ತಿದ್ದಳು. ಪಕ್ಕದ ಮನೆ ದೊಡ್ಡಮ್ಮ ಎಲೆಅಡಿಕೆ ಚೀಲ ಹಿಡಿದು ಬಂದು ಎದುರು ಮೂಲೆಗೆ ಕೂರುವಳು. ನಾನು ದಾರ ಪೋಣಿಸಿ ಪೋಣಿಸಿ ಕೊಡುವವಳು. ನನ್ನ ಹೊಲಿಗೆ ಅವ್ವನಿಗೆ ಒಪ್ಪಿಗೆಯಾಗಲು ಒಂದು ತಿಂಗಳು ಹಿಡಿಯಿತು.

"ನಿನ್ನ ಹೊಲಿಗೆ ನೋಡಿದ್ರೆ ಇರುವೆ ಕುಡಿದು ನಡೆದಂಗೈತೆ" ಎಂದು ದೊಡ್ಡಮ್ಮ ನಗುವಳು. "ಬಿಚ್ಚು. ನಿಂಗೂ ಒಂದ್ ದಿನ ಬ್ಯಾಡವಾ? ಈಗ್ಲೇ ಕಲಿ."

ಕೌದಿಯ ನಟ್ಟನಡುವೆ ಒಂದು ಗೇಣಗಲದ ಜಾಗವನ್ನು ಹೊಲಿಯದೆ ಬಿಡುವುದು ನಮ್ಮ ಕೇರಿಯ ಪದ್ಧತಿ. ಅದಕ್ಕೆ ಕೌದಿಯ ಹೊಕ್ಕಳು ಎನ್ನುತ್ತಿದ್ದರು. ಕೂಸಿನ ಹೊಕ್ಕಳು ಉದುರಿದ ಮೇಲೆ, ಹುಟ್ಟಿದಾಗ ಕೂಸನ್ನು ಮೊದಲು ಸುತ್ತಿದ್ದ ಬಟ್ಟೆಯಿಂದ ಒಂದು ಚೂರು ಕತ್ತರಿಸಿ ಆ ಜಾಗದಲ್ಲಿಟ್ಟು ಮುಚ್ಚಿ ಹೊಲಿದರೇ ಕೌದಿ ಪೂರ್ತಿಯಾದಂತೆ. ಅಲ್ಲಿಯವರೆಗೆ ಬಾಣಂತಿ, ಕೂಸು ಬಿಟ್ಟು ಅದನ್ನು ಬೇರೆ ಯಾರೂ ಹೊದೆಯುವುದಿಲ್ಲ, ಹಾಸಿಕೊಳ್ಳುವುದಿಲ್ಲ. ಹೆರಿಗೆಯವರೆಗೆ ಮಡಚಿ ಬಿದಿರಿನ ಗಳದ ಮೇಲೆ ಹಾಕಿಟ್ಟಿರುತ್ತಾರೆ, ಅಷ್ಟೇ.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಕೌದಿ ಅಲ್ಲಿಗೆ ಬಂದು ನಿಂತಿತು. ನಾಲ್ಕು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಅಕ್ಕನನ್ನು ಕರೆದುಕೊಂಡು ಬಂದಿದ್ದೆವು. ಹೊಟ್ಟೆ ಭಾರವಾಗಿದ್ದರೂ ಗಳದ ಕೆಳಗೆ ನಿಂತು ಕೌದಿಯ ಅಂಚು ಸವರಿ, "ಇದು ನನ್ನ ಲಂಗ, ಇದು ನನ್ನ ದಾವಣಿ" ಎಂದು ನನಗೆ ತೋರಿಸುವುದು ಅವಳಿಗೆ ದಿನದ ಆಟವಾಗಿತ್ತು.

ಈಗ ಅಪ್ಪನ ವಿಷಯ. ಅಪ್ಪ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಏಳು ವರ್ಷದಿಂದ ಅಲ್ಲಿ ಒಂದು ಕೋಣೆ ಹಿಡಿದು ಕೈಯಡಿಗೆ ಮಾಡಿಕೊಂಡಿದ್ದ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಎರಡು ಬಸ್ಸು ಬದಲಾಯಿಸಿ ಸಂಜೆಗೆ ಮನೆ ಸೇರಿ, ಸೋಮವಾರ ಕೋಳಿ ಕೂಗುವಾಗ ಹೊರಡುತ್ತಿದ್ದ. ಹೊಸದುರ್ಗದ ಕಡೆಗೆ ವರ್ಗ ಮಾಡಿಸಿಕೊಳ್ಳಬೇಕು ಎಂಬುದು ಅವನ ಒಂದೇ ಆಸೆ. ಅವ್ವನಿಗೂ ಅದೇ ಆಸೆ ಇತ್ತು. ಹೊರಕೆರೆದೇವಪುರದ ದೇವರಿಗೆ ಹರಕೆಯನ್ನೂ ಹೊತ್ತಿದ್ದಳು. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆಂದರೆ, ಅಪ್ಪ ಕೆಟ್ಟವನು ಎಂದು ಓದಿದವರು ತೀರ್ಮಾನಿಸಿ ಪುಸ್ತಕ ಮುಚ್ಚಬಾರದು. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟೇ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಚಿತ್ರದುರ್ಗದಿಂದ ವಿದ್ಯಾ ಇಲಾಖೆಯ ಒಬ್ಬ ಸಾಹೇಬರು ನಮ್ಮೂರಿನ ಸ್ಕೂಲು ನೋಡಲು ಬಂದರು. ಮೇಷ್ಟ್ರುಗಳ ವರ್ಗ ಅವರ ಕೈಯಲ್ಲಿತ್ತು. ಅಪ್ಪ ರಜೆ ಹಾಕಿ ಹಿಂದಿನ ದಿನವೇ ಬಂದು, ಊಟ ನಮ್ಮ ಮನೆಯಲ್ಲೇ ಎಂದು ಊರ ಹಿರಿಯರಿಗೆ ಹೇಳಿ ಒಪ್ಪಿಸಿದ್ದ. ಹೋಳಿಗೆ, ಕೋಸಂಬರಿ, ಹೀರೇಕಾಯಿ ಬಜ್ಜಿ. ಬೆಳಗಿನಿಂದ ಅವ್ವ ಒಲೆ ಬಿಟ್ಟು ಏಳಲಿಲ್ಲ. ಊಟವಾದ ಮೇಲೆ ಸಾಹೇಬರು ಸ್ವಲ್ಪ ಒರಗಬೇಕೆಂದರು. ಪಡಸಾಲೆಯ ಮಂಚದ ಮೇಲೆ ಹಾಸಲು ಅಪ್ಪ ಅತ್ತಿತ್ತ ನೋಡಿ, ಗಳದ ಮೇಲಿದ್ದ ಅಕ್ಕನ ಕೌದಿಯನ್ನು ಎಳೆದು ಹಾಸಿದ.

ಅಡಿಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಪರಸ್ಥಳದ ಗಂಡಸರ ಎದುರು ಬರುವ ರೂಢಿ ಅವಳಿಗಿರಲಿಲ್ಲ. ಅಪ್ಪನ ಕಣ್ಣು ಹಿಡಿಯಲು ನೋಡಿದಳು. ಅಪ್ಪನ ಕಣ್ಣೆಲ್ಲ ಸಾಹೇಬರ ಮೇಲೆ.

ಸಾಹೇಬರು ಅರ್ಧ ಗಂಟೆ ಮಲಗಿ ಎದ್ದು, ಅಂಗೈಯಿಂದ ಕೌದಿ ಸವರಿ, "ಏನ್ ಮೇಷ್ಟ್ರೇ, ಎಷ್ಟು ಮೃದುವಾಗಿದೆ ಇದು. ಯಾರು ಹೊಲಿದದ್ದು?" ಎಂದರು.

"ಮನೇಲಿ ಹೆಂಗಸ್ರು ಸಾರ್. ಸುಮ್ನೆ ಕುಂತಾಗ ಕಾಲ ಕಳೆಯಾಕೆ ಹೊಲೀತಿರ್ತಾರೆ. ತಗಂಡೋಗ್ರಿ ಸಾರ್."

"ಛೆ ಛೆ, ಬೇಡಿ."

"ಏನಿಲ್ಲ ಸಾರ್, ಎಲ್ಲ ಚಿಂದಿ. ಇನ್ನೊಂದು ಹೊಲ್ಕಂತಾರೆ."

ಸಾಹೇಬರು ಎರಡು ಸಲ ಬೇಡ ಎಂದರು. ಅದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಮೂರನೆಯ ಸಲ ಸುಮ್ಮನಾದರು. ಅಪ್ಪ ನನ್ನ ಕಡೆ ತಿರುಗಿ, "ಲೇ, ಮಡಚಿ ಜೀಪಿನಾಗಿಟ್ಟು ಬಾ" ಎಂದ.

ನಾನು ಮಡಚಿದೆ. ನೀಟಾಗಿ ನಾಲ್ಕು ಮಡಿಕೆ ಹಾಕಿ ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ಜೀಪಿನ ಹಿಂದಿನ ಸೀಟಿನ ಮೇಲಿಟ್ಟು ಬಂದೆ. ಹದಿನಾರು ವರ್ಷದ ಹುಡುಗಿ ಅಪ್ಪನ ಮಾತು ಮೀರಲು ಆಗುತ್ತಿತ್ತೇ ಎಂದು ಬೇರೆಯವರು ಸಮಾಧಾನ ಹೇಳುತ್ತಾರೆ. ಆಗುತ್ತಿತ್ತು. ನೆಲಕ್ಕೆ ಬೀಳಿಸಿ ಕೆಸರು ಮಾಡಬಹುದಿತ್ತು. ಹಿತ್ತಲ ಬಾಗಿಲಿಂದ ದೊಡ್ಡಮ್ಮನ ಮನೆಗೆ ಒಯ್ಯಬಹುದಿತ್ತು. ಆಮೇಲೆ ಇಂಥ ಹತ್ತು ಉಪಾಯ ಹೊಳೆದವು. ಆ ಗಳಿಗೆಯಲ್ಲಿ ಮಾತ್ರ ಮಡಿಕೆ ಸರಿಯಾಗಿ ಕೂತಿದೆಯೇ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಜೀಪು ಹೋದ ಮೇಲೆ ಅವ್ವ ಹೊರಗೆ ಬಂದಳು. ಕೈಯೆಲ್ಲ ಕಣಕದ ಹಿಟ್ಟು.

"ಅದು ಯಾರ್ದು ಅಂತ ಗೊತ್ತಿತ್ತಾ ನಿಮಗೆ?"

"ಯಾರ್ದಾದ್ರೇನು? ಏಳು ವರ್ಷದಿಂದ ಒಬ್ನೇ ಬೇಯಿಸ್ಕಂಡು ತಿಂತಿದೀನಿ. ಒಂದ್ ಕೌದಿಯಿಂದ ಕೆಲ್ಸ ಆಗೋದಾದ್ರೆ ಆಗ್ಲಿ ಬಿಡು. ಚಿಂದಿ ತಾನೆ? ಇನ್ನೊಂದು ಹೊಲಿದ್ರಾತು."

"ಯಾವಾಗ ಹೊಲೀಲಿ? ಅವಳಿಗೆ ಎಂಟು ತುಂಬೈತೆ."

"ರಾತ್ರಿ ಹಗಲು ಕುಂತಿರ್ತೀರಲ್ಲ ಎಲ್ರೂ ಜಗಲಿ ಮ್ಯಾಲೆ."

ಅಕ್ಕ ಒಳಗಿನಿಂದ, "ಹೋಗ್ಲಿ ಬಿಡವ್ವ, ಹಳೇದೊಂದು ಹಾಸಿದ್ರಾತು" ಎಂದಳು. ಹಾಗೆಂದವಳು ಗೋಡೆಯ ಕಡೆ ತಿರುಗಿ ಮಲಗಿ ಸಂಜೆಯವರೆಗೂ ಏಳಲಿಲ್ಲ.

ಅಪ್ಪ ಹರಿಯಬ್ಬೆಗೆ ಹೋದ. ಮೂರನೇ ದಿನ ಬೆಳಗ್ಗೆ ಅವ್ವ ಅಟ್ಟದಿಂದ ಇನ್ನೊಂದು ಕೌದಿ ಇಳಿಸಿ ಬಿಸಿಲಿಗೆ ಹಾಕಿ ಬಡಿದಳು. ಅವಳ ಮದುವೆಯ ಕಾಲಕ್ಕೆ ನಮ್ಮಜ್ಜಿ ಹೊಲಿದದ್ದು, ಇನ್ನೂ ಗಟ್ಟಿಯಾಗಿತ್ತು. ಅದನ್ನು ಪಂಚೆಯಲ್ಲಿ ಗಂಟು ಕಟ್ಟಿ, "ನಡಿ, ದುರ್ಗಕ್ಕೆ ಹೋಗಾಣ" ಎಂದಳು. ಅವಳ ಜೀವಮಾನದಲ್ಲಿ ಅಪ್ಪನಿಗೆ ಹೇಳದೆ ತಾಲ್ಲೂಕು ದಾಟಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಅಕ್ಕನ ಹತ್ತಿರ ದೊಡ್ಡಮ್ಮ ಕೂತಳು.

ಹೊಸದುರ್ಗದಲ್ಲಿ ಬಸ್ಸು ಬದಲಾಯಿಸಿದೆವು. ಕಂಡಕ್ಟರು ಗಂಟು ನೋಡಿ, "ಏನಮ್ಮ ಅದು? ಮ್ಯಾಲೆ ಹಾಕ್ಸು, ಲಗೇಜಾಗ್ತೈತೆ" ಎಂದ.

"ಕೌದಿ ಕಣಪ್ಪ. ನನ್ನ ಮಡ್ಲಾಗಿಟ್ಕಂತೀನಿ."

"ಮಗೀನಂಗೆ ಹೊತ್ಕಂಡಿದೀಯಲ್ಲ. ಅರ್ಧ ಟಿಕೆಟ್ ಕೊಡ್ಲಾ ಅದಕ್ಕೆ?"

ಬಸ್ಸಿನವರೆಲ್ಲ ನಕ್ಕರು. ಅವ್ವ ನಗಲಿಲ್ಲ. ಹೊಳಲ್ಕೆರೆ ದಾಟಿ ದುರ್ಗದ ಬೆಟ್ಟ ಕಾಣುವವರೆಗೂ ಗಂಟನ್ನು ಅವುಚಿಕೊಂಡೇ ಕೂತಿದ್ದಳು.

ಸಾಹೇಬರ ಕ್ವಾರ್ಟರ್ಸ್ ಹುಡುಕುವುದು ಕಷ್ಟವಾಗಲಿಲ್ಲ. ಅವರು ಕಚೇರಿಗೆ ಹೋಗಿದ್ದರು. ಬಾಗಿಲು ತೆಗೆದದ್ದು ಅವರ ಹೆಂಡತಿ. ಮೈಸೂರಿನ ಕಡೆಯ ಮಾತು, ನಗುಮುಖ. ಮಾಡದಕೆರೆಯ ಮೇಷ್ಟ್ರ ಮನೆಯವರು ಎಂದು ಹೇಳಿದೊಡನೆ ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದರು. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಕಾಫಿ ಬಂತು. ಕೇಳಲೂ ಆಗದೆ, ಕೇಳದೆ ಇರಲೂ ಆಗದೆ ಅವ್ವ ಲೋಟ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಆಕೆಯೇ, "ಬನ್ನಿ, ನಿಮ್ಮ ಕೌದಿ ಎಷ್ಟು ಚೆನ್ನಾಗಿ ಕಾಣುತ್ತೆ ತೋರಿಸ್ತೀನಿ" ಎಂದು ಒಳಕೋಣೆಗೆ ಕರೆದೊಯ್ದರು.

ಎರಡು ಸಣ್ಣ ಮಂಚಗಳಿದ್ದವು. ಒಂದರ ಮೇಲೆ ಅರ್ಧ ಕೌದಿ, ಇನ್ನೊಂದರ ಮೇಲೆ ಇನ್ನರ್ಧ. ಕತ್ತರಿಸಿದ ಕಡೆಗೆ ನೀಲಿ ಪಟ್ಟಿ ಕೊಟ್ಟು ಮಿಷಿನ್ನಿನಲ್ಲಿ ಹೊಲಿದಿದ್ದರು.

"ಒಂದೇ ಇದ್ರೆ ಮಕ್ಕಳಿಬ್ಬರೂ ಜಗಳ ಆಡ್ತಿದ್ರು. ಅದಕ್ಕೆ ಎರಡು ಮಾಡಿಸ್ದೆ. ಮಧ್ಯದಲ್ಲಿ ಸ್ವಲ್ಪ ಜಾಗ ಹೊಲಿಯೋಕೆ ಮರೆತಿದ್ದಿರಲ್ಲ, ಟೈಲರು ಅಲ್ಲೇ ಕತ್ತರಿ ಹಾಕಿದ, ಸುಲಭ ಆಯ್ತು ಅಂದ."

ಅವ್ವ ನೀಲಿ ಪಟ್ಟಿಯ ಮೇಲೆ ಕೈಯಿಟ್ಟಳು. "ಮರ್ತಿರಲಿಲ್ಲ ಕಣ್ರಮ್ಮ" ಎಂದಳು.

ಆಮೇಲೆ ಹೇಳಿದಳು. ಯಾರಿಗಾಗಿ ಹೊಲಿದದ್ದು, ನಡುವಿನ ಜಾಗ ಯಾಕೆ ಬಿಟ್ಟದ್ದು, ಯಾವಾಗ ಮುಚ್ಚುವುದು, ಎಲ್ಲವನ್ನೂ ಹಾಲು ಹಾಕುವವಳು ಬೆಳಗಿನ ಲೆಕ್ಕ ಹೇಳುವಂತೆ ತಣ್ಣಗೆ ಹೇಳಿದಳು. ಆ ಹೆಂಗಸಿನ ಮುಖ ಬಿಳುಪೇರಿತು.

"ಅಯ್ಯೋ, ನಿಮ್ಮ ಯಜಮಾನ್ರು ಒಂದು ಮಾತು ಹೇಳ್ಲಿಲ್ವಂತೆ. ಇವರು ಬೇಡ ಅಂದ್ರೂ ಬಲವಂತ ಮಾಡಿ ಕೊಟ್ರು ಅಂದ್ರು."

"ಹೌದು, ಬಲವಂತ ಮಾಡಿದ್ರು. ಇದು ಇನ್ನೊಂದು ತಂದೀನಿ, ಅದ್ಕಿಂತ ದೊಡ್ಡದು. ಇದನ್ನ ನೀವಿಟ್ಕಳ್ರಿ. ಅದನ್ನ ಕೊಡ್ರಿ."

ಒಂದು ಮಂಚದ ಮೇಲೆ ನಾಲ್ಕೈದು ವರ್ಷದ ಹುಡುಗಿ ಬೊಂಬೆ ಹಿಡಿದು ಕೂತಿತ್ತು. ಮಾತು ಅರ್ಥವಾಯಿತೋ ಏನೋ, ಕೌದಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು "ನಂದು" ಎಂದಿತು. ತಾಯಿ ಅದನ್ನು ಎತ್ತಿಕೊಳ್ಳಲು ಬಂದರೆ ಕಿರುಚಿತು. ಅವ್ವ ಬಗ್ಗಿ, ಆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದರ ಕೆಳಗಿನಿಂದ ಕೌದಿಯನ್ನು ಎಳೆದುಕೊಂಡಳು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈಗ ನೆನೆದರೆ ಆ ನಾಚಿಕೆಯ ಮೇಲೇ ನನಗೆ ಸಿಟ್ಟು. ಅಷ್ಟು ದಿನದಲ್ಲಿ ಮಾಡಬೇಕಾದ್ದನ್ನು ಮಾಡಿದವಳು ಅವಳೊಬ್ಬಳೇ. ಅವಳ ಮಗಳಾದ ನಾನು ನಾಚಿಕೆಪಟ್ಟುಕೊಂಡು ನಿಂತಿದ್ದೆ.

ಶನಿವಾರ ಅಪ್ಪ ಬಂದ. ಸಾಹೇಬರು ಹೇಳಿಕಳಿಸಿದರೋ, ಬಸ್ಸಿನಲ್ಲಿ ಯಾರಾದರೂ ಹೇಳಿದರೋ ಗೊತ್ತಿಲ್ಲ, ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ.

"ಸಾಹೇಬ್ರ ಮನೆಗೆ ಹೋಗಿ ಚಿಂದಿ ಇಸ್ಕಂಡು ಬಂದ್ಯಾ? ನನ್ನ ಮರ್ಯಾದೆ ಏನಾಗ್ಬೇಕು? ವರ್ಗ ಹೋತು ಅಂತ ತಿಳ್ಕ. ಸಾಯೋತಂಕ ಹರಿಯಬ್ಬೇನೇ ನನಗೆ."

ಅವ್ವ ಒಳಗಿಂದ ಎರಡು ತುಂಡುಗಳನ್ನೂ ತಂದು ಅವನ ಮುಂದೆ ಹಾಸಿದಳು. ಮಧ್ಯದಲ್ಲಿ ಒಂದು ಅಂಗುಲ ಬಿಟ್ಟು, ನೀಲಿ ಪಟ್ಟಿ ಎದುರುಬದುರು ಬರುವಂತೆ. ಅದರ ಮೇಲೆ ಸೂಜಿ, ದಾರದ ಉಂಡೆ.

"ನೀವು ಕೊಟ್ರಿ. ನೀವೇ ಕೂಡ್ಸಿ."

"ನನಗೇನು ತಲೆ ಕೆಟ್ಟೈತಾ?"

"ನಾನಂತೂ ಮುಟ್ಟಲ್ಲ. ಸುಮ್ನೆ ಕುಂತಾಗ ಮಾಡೋ ಕೆಲ್ಸ ತಾನೆ. ನಾಳೆ ಭಾನುವಾರ, ಸುಮ್ನೆ ಕುಂತಿರ್ತೀರಿ."

ಸದ್ದು ಕೇಳಿ ಬಂದಿದ್ದ ದೊಡ್ಡಮ್ಮ ಸೀಳಿದ ಕೌದಿಯನ್ನು ಆಗಲೇ ನೋಡಿದ್ದು. ಮೂಗಿನ ಮೇಲೆ ಬೆರಳಿಟ್ಟಳು. ಸೀಳಿದ್ದನ್ನು ಬಾಣಂತಿಗೆ ಹಾಸುವಂತಿಲ್ಲ, ಹೊಕ್ಕಳೇ ಹೋಗಿದೆ, ಇದನ್ನು ಎಮ್ಮೆಕರುವಿಗೆ ಹೊದಿಸಿ ಅಂದಳು. ಅಪ್ಪನಿಗೆ ಅಷ್ಟು ಸಾಕಾಯಿತು. "ನೋಡು, ದೊಡ್ಡವರೇ ಹೇಳ್ತಾರೆ" ಎಂದು ಎದ್ದ. ಆಗ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೆ ಬಂದಳು. ಅವಳು ಅಪ್ಪನ ಎದುರು ದನಿ ಎತ್ತಿದವಳಲ್ಲ, ಅವತ್ತೂ ಎತ್ತಲಿಲ್ಲ.

"ಅಪ್ಪ, ನಂಗೆ ಇದೇ ಬೇಕು. ಬೇರೆ ಹಾಸಿದ್ರೆ ನಾನು ಬರೀ ನೆಲದ ಮ್ಯಾಲೆ ಮಲಗ್ತೀನಿ."

ಅಪ್ಪ ಭಾನುವಾರ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸೂಜಿ ಹಿಡಿದ. ಅವ್ವ ಹೋಗಿ ಬಾಗಿಲು ತೆಗೆದಳು. "ಅಲ್ಲಿ ಬೆಳಕಿಲ್ಲ. ಜಗಲಿಗೆ ಬರ್ರಿ." ಹೀಗೆ ಅಪ್ಪ ಜಗಲಿಯ ಮೇಲೆ ಕೂತ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ದೊಡ್ಡಮ್ಮ ತನ್ನ ಜಗಲಿಯಿಂದಲೇ, "ಏನ್ ಮೇಷ್ಟ್ರೇ, ಸಾಹೇಬ್ರು ಹೊಸಾ ಪಾಠ ಕೊಟ್ಟವ್ರಾ?" ಎಂದು ಕೇಳಿ ಎಲೆಅಡಿಕೆ ಉಗಿದಳು. ನೀಲಿ ಪಟ್ಟಿ ಬಿಚ್ಚುವುದಕ್ಕೇ ಅವನಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಆಮೇಲೆ ಹಾಕಿದ ಹೊಲಿಗೆಗಳು ಒಂದೊಂದೂ ಬೆರಳ ಗೆಣ್ಣಿನಷ್ಟು ಉದ್ದ. ಅವ್ವ ಬಂದು ನೋಡಿ, ಉಗುರಿನಿಂದ ಎತ್ತಿ ತೋರಿಸಿದಳು.

"ಕೂಸಿನ ಕಾಲ್ಬೆರಳು ಸಿಕ್ಕಂತೈತೆ ಇದ್ರಾಗೆ. ಬಿಚ್ರಿ."

ಅವನು ಬಿಚ್ಚಿದ. ಮತ್ತೆ ಹಾಕಿದ. ಬೆರಳಿಗೆ ಚುಚ್ಚಿಕೊಂಡ. ಆರು ಪದರದಲ್ಲಿ ಸೂಜಿ ಸಿಕ್ಕಿಕೊಂಡು ಹಲ್ಲಿನಿಂದ ಎಳೆದ. ಮೂರು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ಕೊನೆಯ ಗಂಟು ಹಾಕಿ ಅವನು ಬೆನ್ನು ನೆಟ್ಟಗೆ ಮಾಡಿದಾಗ, ಈಗಲಾದರೂ ಒಂದು ಮಾತು ಹೇಳುತ್ತಾನೆ ಎಂದು ನಾನು ಕಾದೆ. ನಾಲ್ಕು ತಿಂಗಳು ನೀನು ಹೇಗೆ ಹೊಲಿದೆ ಎಂದು ಅವ್ವನನ್ನು ಕೇಳುತ್ತಾನೆ ಎಂದುಕೊಂಡೆ. ಅವನು, "ಒಂದ್ ಲೋಟ ಕಾಫಿ ತಾ" ಎಂದ.

ಶಿವರಾತ್ರಿ ಕಳೆದು ನಾಲ್ಕನೇ ದಿನ ಅಕ್ಕನಿಗೆ ಗಂಡು ಮಗುವಾಯಿತು. ಇಬ್ಬರೂ ಸುಖವಾಗಿದ್ದರು, ಆ ಕೌದಿಯ ಮೇಲೇ ಮಲಗಿದರು. ಎಂಟನೇ ದಿನ ಹೊಕ್ಕಳು ಉದುರಿತು. ಅಪ್ಪನ ಹೊಲಿಗೆ ಹಾದುಹೋದ ನಡುವಿನ ಜಾಗದಲ್ಲೇ ಬಟ್ಟೆಯ ಚೂರಿಟ್ಟು ಅವ್ವ ಮುಚ್ಚಿದಳು. ತೊಟ್ಟಿಲು ಕಟ್ಟಿದ ದಿನ ಹೊಳಲ್ಕೆರೆಯಿಂದ ಬೀಗರು, ಊರಿನವರು, ಐವತ್ತು ಜನ ಸೇರಿದ್ದರು. ಅಷ್ಟರಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಹೆಂಗಸರು ಕೂಸು ನೋಡಲು ಬಂದವರು ಕೂಸಿಗಿಂತ ಮುಂಚೆ ಕೌದಿ ಎತ್ತಿ ನೋಡುತ್ತಿದ್ದರು.

"ಎಲ್ಲಿ, ಮೇಷ್ಟ್ರ ಹೊಲಿಗೆ ತೋರ್ಸೇ."

"ಅಬ್ಬ, ಎಷ್ಟು ಸಣ್ಣಗೆ ಹಾಕವ್ರೆ. ಮಗಳು ಅಂದ್ರೆ ಎಷ್ಟು ಜೀವ ನೋಡು."

"ನಮ್ಮನೇದೂ ಐತೆ, ಗುಂಡಿ ಕಿತ್ತೋದ್ರೆ ಷರಟೇ ಬಿಸಾಡ್ತೈತೆ."

ಬೀಗಿತ್ತಿ ಕಣ್ಣಲ್ಲಿ ನೀರು ತಂದುಕೊಂಡು, ಇಂಥ ತಂದೆ ಸಿಗಲು ಪುಣ್ಯ ಮಾಡಿರಬೇಕು ಎಂದಳು. ಅಪ್ಪ ಪಡಸಾಲೆಯಲ್ಲಿ ಗಂಡಸರ ನಡುವೆ ಕೂತು, "ಅದ್ರಾಗೇನೈತೆ ಬಿಡ್ರಿ" ಎಂದು ನಗುತ್ತಿದ್ದ. ಕೌದಿ ಯಾಕೆ ಸೀಳಿತು ಎಂದು ಐವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅವ್ವ ಅಡಿಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದಳು. ನಾನು ಹೋಗಿ, "ಕೇಳಿಸ್ತಾ ಇಲ್ವಾ ನಿನಗೆ? ಹೊರಗೆ ಬಂದು ಹೇಳವ್ವ" ಎಂದೆ. ಕೂಗಿಯೇ ಹೇಳಿದೆ ಎಂದು ಕಾಣುತ್ತದೆ.

ಅವ್ವ ಗಂಜಿಯ ಹಬೆಯಿಂದ ಮುಖ ತಿರುಗಿಸಿ, "ಕೂಸು ಮಲಗ್ತಲ್ಲ ಅದರ ಮ್ಯಾಲೆ. ಸಾಕು. ಎಲೆ ಹಾಕು ಹೋಗು" ಎಂದಳು. ಅವಳಿಗೆ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ, ಈವರೆಗೂ ಆಗಿಲ್ಲ. ಎಲೆ ಹಾಕುವಾಗ ಅಪ್ಪನ ಮುಂದೆ ಹರಿದ ಎಲೆ ಹಾಕಿದೆ. ಅವನಿಗೆ ಗೊತ್ತೇ ಆಗಲಿಲ್ಲ.

ಬೇಸಿಗೆಗೆ ವರ್ಗವೂ ಆಯಿತು. ಕೌದಿಯಿಂದ ಆಯಿತೋ, ಕೌದಿ ವಾಪಸು ತಂದರೂ ಆಯಿತೋ, ಏಳು ವರ್ಷ ತುಂಬಿದ್ದಕ್ಕೆ ತಾನಾಗಿಯೇ ಆಯಿತೋ, ನನಗೆ ತಿಳಿಯದು. ಅಪ್ಪ ಮನೆಗೆ ಬಂದ. ಅವ್ವ ಹರಕೆ ತೀರಿಸಿದಳು. ಆಮೇಲೆ ಇಬ್ಬರೂ ಬಹಳ ವರ್ಷ ಜೊತೆಯಲ್ಲಿ ಬಾಳಿದರು, ಚೆನ್ನಾಗಿಯೇ ಬಾಳಿದರು. ಈಗ ಇಬ್ಬರೂ ಇಲ್ಲ.

ಆ ಕೂಸು ಈಗ ಚಿತ್ರದುರ್ಗದಲ್ಲಿ ಸಂಬಳದ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿಯ ತವರಿನವರು ಬಂದಿದ್ದರು. ಬೀರುವಿನಿಂದ ಕೌದಿ ತೆಗೆದು ಸೋಫಾದ ಮೇಲೆ ಹರವಿ, "ಇದು ನಮ್ಮಜ್ಜ ಹೊಲಿದ ಕೌದಿ" ಎಂದು ಅವರಿಗೆ ತೋರಿಸಿದ. ಮನೆಯಲ್ಲಿ ಅದರ ಹೆಸರೇ ಅಜ್ಜನ ಕೌದಿ ಅಂತೆ. ಅವನ ಮಕ್ಕಳೂ ಹಾಗೇ ಕರೆಯುತ್ತಾರೆ.

ನಾನು ಟೀ ಲೋಟ ಕೆಳಗಿಟ್ಟೆ. "ಅಜ್ಜ ಎಲ್ಲಿ ಹೊಲಿದಾನೆ, ತೋರ್ಸಪ್ಪ."

ಅವನು ಖುಷಿಯಿಂದ ನಡುವಿನ ಆ ಒಂದು ಸಾಲನ್ನು ಬೆರಳಿನಿಂದ ಗೆರೆ ಎಳೆದು ತೋರಿಸಿದ.

"ಉಳಿದಿದ್ದು?"

"ಉಳಿದಿದ್ದು ಮೊದಲೇ ಇತ್ತಲ್ಲ ಚಿಕ್ಕಮ್ಮ."

ಅವನನ್ನು ಕೂರಿಸಿಕೊಂಡು, ಇಲ್ಲಿ ಬರೆದಿರುವುದನ್ನೆಲ್ಲ ಅವನಿಗೂ ಅವನ ಹೆಂಡತಿಯ ಮನೆಯವರಿಗೂ ಹೇಳಿದೆ. ಟೆರಿಲಿನ್ ಚೂರು ಆರಿಸಿದ್ದರಿಂದ ಹಿಡಿದು ಅನ್ನ ಬಸಿದದ್ದರವರೆಗೆ. ಅವನು ಒಳ್ಳೆಯ ಹುಡುಗ, ನಡುವೆ ಬಾಯಿ ಹಾಕದೆ ಕೇಳಿದ. ಎಲ್ಲ ಮುಗಿದ ಮೇಲೆ ಕೌದಿಯನ್ನು ಸವರುತ್ತ, "ಆದ್ರೂ ಚಿಕ್ಕಮ್ಮ, ಆ ಕಾಲದಾಗೆ ಒಬ್ಬ ಗಂಡಸು ಜಗಲಿ ಮ್ಯಾಲೆ ಕುಂತು ಸೂಜಿ ಹಿಡಿಯೋದು ಅಂದ್ರೆ ಸಾಮಾನ್ಯನಾ?" ಎಂದ.

ನಾನು ಚೀಲ ತೆಗೆದುಕೊಂಡು ಎದ್ದೆ. ಊಟ ಮಾಡಿಕೊಂಡು ಹೋಗು ಎಂದು ಅವನ ಹೆಂಡತಿ ಗೇಟಿನವರೆಗೂ ಬಂದಳು. ಬಸ್ಸಿದೆ ಎಂದು ಸುಳ್ಳು ಹೇಳಿ ಬಂದುಬಿಟ್ಟೆ.